ಕೂಸು ಬಡವಾಗುವ ಮೊದಲು: ಅಪ್ಪ-ಅಮ್ಮನ ಹೊಡೆದಾಟದ ನಡುವೆ ಬೆಳೆಯುವ ಮಗುವಿಗೆ ಏನು ಮಾಡಬೇಕು

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ." ಪಂಚಾಯ್ತಿ ಮಾಡಲು ಬಂದ ಹಿರಿಯರು ಈ ಗಾದೆ ಹೇಳುತ್ತಾರೆ, ಕಾಫಿ ಕುಡಿಯುತ್ತಾರೆ, ಎದ್ದು ಹೋಗುತ್ತಾರೆ. ನಮ್ಮಲ್ಲಿ ಇನ್ನೊಂದು ಗಾದೆಯೂ ಇದೆ: "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು." ಅದು ಮಾತ್ರ ಪಂಚಾಯ್ತಿಯಲ್ಲಿ ಯಾರ ಬಾಯಿಗೂ ಬರುವುದಿಲ್ಲ.

ನಾನು ಸರ್ಕಾರಿ ಶಾಲೆಯ ಟೀಚರ್. ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಮಗ್ಗಿ ಏಳರ ಮೇಲೆ ಹತ್ತುತ್ತಲೇ ಇರಲಿಲ್ಲ. ಪುಸ್ತಕ ತೆರೆದಿರುತ್ತಿತ್ತು, ಕಿವಿ ಕಿಟಕಿಯ ಕಡೆಗೆ. ಒಂದು ಸಂಜೆ ಹೊರಗೆ ಮೊಪೆಡ್ ನಿಂತಿತು. ನೋಡದೆಯೇ ಹೇಳಿದಳು: "ಮಿಸ್, ಅಪ್ಪ ಇವತ್ತು ಕುಡಿದಿದಾರೆ." ಹೇಗೆ ಗೊತ್ತಾಯ್ತು ಅಂದೆ. "ಕುಡೀದೆ ಇದ್ರೆ ಸ್ಟ್ಯಾಂಡ್ ಒಂದೇ ಸಲಕ್ಕೆ ಬೀಳುತ್ತೆ. ಕುಡಿದಿದ್ರೆ ಮೂರು ಸಲ ಒದೀತಾರೆ."

ಒಂಬತ್ತು ವರ್ಷದ ಮಗು. ಸ್ಟ್ಯಾಂಡಿನ ಸದ್ದು, ಚಪ್ಪಲಿ ಬಿಡುವ ರೀತಿ, ಬಾಗಿಲ ಚಿಲಕ, ಎಲ್ಲವನ್ನೂ ಓದಲು ಕಲಿತಿದ್ದಳು. ಮಗ್ಗಿಗೆ ತಲೆಯಲ್ಲಿ ಜಾಗವೇ ಉಳಿದಿರಲಿಲ್ಲ. ನಾನು ಅವಳನ್ನು ಆರು ತಿಂಗಳು "ಗಮನ ಇಲ್ಲದ ಹುಡುಗಿ" ಅಂತ ಬೈದಿದ್ದೆ.

ಇದನ್ನು ಮುಖ್ಯವಾಗಿ ಇಂಥ ಮನೆಯಲ್ಲಿರುವ ತಾಯಂದಿರಿಗಾಗಿ ಬರೆಯುತ್ತಿದ್ದೇನೆ. ಅಜ್ಜಿ, ಚಿಕ್ಕಮ್ಮ, ಸೋದರಮಾವ, ಪಕ್ಕದ ಮನೆಯವರು, ನನ್ನಂಥ ಟೀಚರ್‌ಗಳು ಕೂಡ ಓದಬಹುದು. ಹೆಂಗಸರು ಕೈ ಎತ್ತುವ ಮನೆಗಳೂ ಇವೆ. ಮಗುವಿನ ಭಯ ಅಲ್ಲೂ ಅಷ್ಟೇ ಇರುತ್ತದೆ. ಆದರೆ ಜಾಸ್ತಿ ಕಡೆ ಪೆಟ್ಟು ತಿನ್ನುವವಳು ಅಮ್ಮ, ಹಾಗಾಗಿ ಅವಳನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ.

1. ಇದು ಬರೀ ಜಗಳವಾ ಅಂತ ಮೊದಲು ನೋಡಿ

ಜಗಳ ಇಲ್ಲದ ಮನೆ ಇಲ್ಲ. ಸಾಲದ ವಿಷಯಕ್ಕೋ ತವರಿನ ವಿಷಯಕ್ಕೋ ಇಬ್ಬರೂ ಜೋರಾಗಿ ಮಾತಾಡಿ, ಆಮೇಲೆ ಮಗುವಿನ ಮುಂದೆಯೇ ರಾಜಿಯಾದರೆ ಅದರಿಂದ ಮಗು ಕೆಡುವುದಿಲ್ಲ. ಸಿಟ್ಟು ಬಂದರೂ ಸಂಬಂಧ ಮುರಿಯುವುದಿಲ್ಲ ಅಂತ ಕಲಿಯುತ್ತದೆ.

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮನೆಯಲ್ಲಿ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಭಯ ಇದೆಯಾ? ಇದ್ದರೆ ಅದು ಜಗಳ ಅಲ್ಲ, ಹಿಂಸೆ. ಕೈ ಎತ್ತಲೇಬೇಕು ಅಂತಿಲ್ಲ. ಊಟದ ತಟ್ಟೆ ಎಸೆಯುವುದು, "ಸಾಯಿಸಿಬಿಡ್ತೀನಿ" ಅನ್ನುವುದು, ಫೋನ್ ಕಿತ್ತುಕೊಳ್ಳುವುದು, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ರಾತ್ರಿ ಹೊರಗೆ ಹಾಕಿ ಬಾಗಿಲು ಹಾಕುವುದು, ಎಲ್ಲವೂ ಇದರಲ್ಲೇ ಬರುತ್ತವೆ. ನಿಮ್ಮೊಬ್ಬರ ಮನೆಯಲ್ಲಿ ಮಾತ್ರ ಹೀಗೆ ಅಂತ ನಾಚಿಕೆಪಡಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದ ಸರಾಸರಿ ಶೇ. 29.3 ಇತ್ತು. ನನ್ನ ಕ್ಲಾಸಿನಲ್ಲಿ 30 ಮಕ್ಕಳಿದ್ದಾರೆ. ಆ ಅಂಕಿ ಓದಿದ ಮೇಲೆ ಹಾಜರಿ ಕೂಗುವಾಗ ಕೆಲವು ಹೆಸರುಗಳ ಹತ್ತಿರ ದನಿ ತಾನಾಗಿ ತಗ್ಗುತ್ತದೆ.

2. "ಮಗು ಮಲಗಿತ್ತು, ಅದಕ್ಕೇನೂ ಗೊತ್ತಿಲ್ಲ" ಅನ್ನುವುದನ್ನು ಬಿಡಿ

ಎಲ್ಲ ತಾಯಂದಿರೂ ಇದನ್ನೇ ಹೇಳುತ್ತಾರೆ. ಹಾಗೆ ಅಂದುಕೊಳ್ಳದಿದ್ದರೆ ಅವರಿಗೂ ಬದುಕುವುದು ಕಷ್ಟ, ಅಲ್ವಾ? ಆದರೆ ಅದು ನಿಜವಲ್ಲ.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 6ರಿಂದ 12 ತಿಂಗಳ ಕೂಸುಗಳು ಸ್ಕ್ಯಾನಿಂಗ್ ಯಂತ್ರದೊಳಗೆ ನಿದ್ದೆ ಮಾಡುತ್ತಿದ್ದಾಗ ಬೇರೆ ಬೇರೆ ದನಿ ಕೇಳಿಸಿದರು. ಜಗಳ ಜಾಸ್ತಿ ಇರುವ ಮನೆಯ ಕೂಸುಗಳ ಮೆದುಳು ಸಿಟ್ಟಿನ ದನಿಗೆ ನಿದ್ದೆಯಲ್ಲೇ ಹೆಚ್ಚು ಸ್ಪಂದಿಸಿತು. ಮಾತು ಬಾರದ ಕೂಸು, ಅದೂ ನಿದ್ದೆಯಲ್ಲಿ! ಪಕ್ಕದ ಕೋಣೆಯಲ್ಲಿ ಕಂಬಳಿ ಹೊದ್ದು ಕಣ್ಣು ಮುಚ್ಚಿಕೊಂಡಿರುವ ಏಳು ವರ್ಷದ ಮಗುವಿಗೆ ಗೊತ್ತಿಲ್ಲ ಅಂತ ಹೇಗೆ ಅನ್ನುವುದು?

2011ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮನೆಯಲ್ಲಿ ಹಿಂಸೆ ಕಂಡ ಮಕ್ಕಳಿಗೆ ಸಿಟ್ಟಿನ ಮುಖಗಳ ಚಿತ್ರ ತೋರಿಸಿದರು. ಅಪಾಯವನ್ನು ಗುರುತಿಸುವ ಮೆದುಳಿನ ಭಾಗಗಳು ಬೇರೆ ಮಕ್ಕಳಿಗಿಂತ ಜೋರಾಗಿ ಎಚ್ಚೆತ್ತವು. ಯುದ್ಧಕ್ಕೆ ಹೋಗಿ ಬಂದ ಸೈನಿಕರಲ್ಲಿ ಇಂಥದ್ದೇ ಕಂಡಿತ್ತು. ನನ್ನ ಹುಡುಗಿಯ ಸ್ಟ್ಯಾಂಡ್ ಸದ್ದಿನ ಲೆಕ್ಕ ಇದೇ. ಆ ಮೆದುಳು ಕೆಟ್ಟಿಲ್ಲ. ಆ ಮನೆಯಲ್ಲಿ ಬದುಕಲು ಬೇಕಾದ್ದನ್ನು ಕಲಿತಿದೆ. ತೊಂದರೆ ಏನೆಂದರೆ ಶಾಲೆಗೆ ಬಂದ ಮೇಲೂ ಅದು ಆಫ್ ಆಗುವುದಿಲ್ಲ. ಅಪಾಯದ ಹೊತ್ತಿನಲ್ಲಿ ಏರುವ ಹಾರ್ಮೋನುಗಳು ದಿನವೂ ಏರುತ್ತಿದ್ದರೆ ನಿದ್ದೆ, ಹಸಿವು, ನೆನಪು, ಹೊಟ್ಟೆ ಎಲ್ಲಕ್ಕೂ ಪೆಟ್ಟು.

ಇದರ ಬಾಲ ಉದ್ದ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಸಾವಿರಾರು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳಿ 1998ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು. ಕೇಳಿದ ಪ್ರಶ್ನೆಗಳಲ್ಲಿ "ನಿಮ್ಮ ತಾಯಿಗೆ ಹೊಡೆಯುತ್ತಿದ್ದರಾ" ಅನ್ನುವುದೂ ಒಂದು. ಇಂಥ ಅನುಭವಗಳು ಒಂದರ ಮೇಲೊಂದು ಸೇರಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯತ್ನ, ಹೃದಯದ ಕಾಯಿಲೆ ಕೂಡ ಜಾಸ್ತಿ ಕಂಡವು. ಹಾಗಂತ ಹಣೆಬರಹ ಬರೆದುಬಿಟ್ಟ ಹಾಗೆ ಅಲ್ಲ. "ಅಪ್ಪ ಹೊಡೆಯುತ್ತಿದ್ದ, ಮಗನೂ ಹೊಡೆಯುತ್ತಾನೆ" ಅನ್ನುವುದನ್ನು ಮಗುವಿನ ಮುಂದೆ ಯಾವತ್ತೂ ಹೇಳಬೇಡಿ. ಇಂಥ ಮನೆಯಿಂದ ಬಂದವರಲ್ಲಿ ಎಷ್ಟೋ ಮಂದಿ ಯಾರ ಮೇಲೂ ಕೈ ಎತ್ತದೆ ಬದುಕುತ್ತಾರೆ. ಅಂಥವರ ಬಾಲ್ಯದಲ್ಲಿ ಸಾಮಾನ್ಯವಾಗಿ ಒಬ್ಬ ದೊಡ್ಡವರು ಸಿಗುತ್ತಾರೆ. ನಂಬಬಹುದಾದ ಒಬ್ಬರು ಸಾಕು.

3. ಗುರುತು ಹಿಡಿಯುವುದು

ಕೂಸುಗಳಲ್ಲಿ: ಸಮಾಧಾನ ಆಗದ ಅಳು, ಹಾಲು ಬಿಡುವುದು, ಸಣ್ಣ ಸದ್ದಿಗೂ ಬೆಚ್ಚುವುದು. "ದೃಷ್ಟಿಯಾಗಿದೆ, ಯಂತ್ರ ಕಟ್ಟಿಸು" ಅನ್ನುತ್ತಾರೆ. ಕಟ್ಟಿಸಿ, ಬೇಡ ಅನ್ನುವುದಿಲ್ಲ. ಆದರೆ ಹೆದರಿಸುವವರು ಮನೆಯೊಳಗೇ ಇದ್ದರೆ ಯಂತ್ರ ಪಾಪ ಏನು ಮಾಡುತ್ತದೆ?

ಮೂರರಿಂದ ಆರು ವರ್ಷ: ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು. ಅಮ್ಮನ ಸೆರಗು ಬಿಡುವುದಿಲ್ಲ, ಬಚ್ಚಲಿಗೂ ಹಿಂದೆಯೇ ಬರುತ್ತದೆ. ಗೊಂಬೆಗೆ ಮತ್ತೆ ಮತ್ತೆ ಅದೇ ಬೈಗುಳ, ಅದೇ ಪೆಟ್ಟು. ಈ ವಯಸ್ಸಿನ ಮಗು "ನಾನು ಹಾಲು ಚೆಲ್ಲಿದ್ದಕ್ಕೇ ಅಪ್ಪ ಅಮ್ಮನಿಗೆ ಹೊಡೆದರು" ಅಂತ ನಂಬಿಬಿಡಬಹುದು.

ಶಾಲೆಯ ವಯಸ್ಸು: ಡಾಕ್ಟರಿಗೂ ಕಾರಣ ಸಿಗದ ಹೊಟ್ಟೆನೋವು, ತಲೆನೋವು. ಓದಿನಲ್ಲಿ ಹಿಂದೆ ಬೀಳುವುದು. ಕುಳಿತಲ್ಲಿ ಕೂರದೆ ಚಡಪಡಿಸುವುದು. ಇದನ್ನು ನೋಡಿ "ಹೈಪರ್ ಆಕ್ಟಿವ್" ಅನ್ನುವವರು ಬಹಳ. ಭಯದಲ್ಲಿರುವ ಮಗುವೂ ಹೊರಗೆ ಹಾಗೆಯೇ ಕಾಣುತ್ತದೆ, ಅದಕ್ಕೇ ಮನೆಯ ವಿಷಯ ಡಾಕ್ಟರಿಗೆ ಹೇಳದಿದ್ದರೆ ಚಿಕಿತ್ಸೆಯೇ ದಾರಿ ತಪ್ಪಬಹುದು.

ಹದಿಹರೆಯ: ಮನೆಗೆ ಬರದೆ ಹೊರಗೇ ಅಲೆಯುವುದು, ಸಿಗರೇಟು, ಕೈ ಕೊಯ್ದುಕೊಳ್ಳುವುದು, ಅಪ್ಪನ ಕುತ್ತಿಗೆ ಪಟ್ಟಿಗೆ ಕೈ ಹಾಕುವುದು.

ಎಲ್ಲರ ಕಣ್ಣು ತಪ್ಪಿಸುವ ಒಂದು ಗುರುತಿದೆ, ಅತಿಯಾದ ಒಳ್ಳೆಯತನ. ನನ್ನ ಇನ್ನೊಬ್ಬ ಶಿಷ್ಯ, ಹನ್ನೊಂದು ವರ್ಷದವನು, ದಿನಾ ಸಂಜೆ ಈಳಿಗೆಮಣೆ ಮತ್ತು ಲಟ್ಟಣಿಗೆಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದ. ಬೆಳಿಗ್ಗೆ ಅಮ್ಮ ಏಳುವ ಮೊದಲೇ ತೆಗೆದು ಸ್ವಸ್ಥಾನದಲ್ಲಿ ಇಡುತ್ತಿದ್ದ. ತಂಗಿಗೆ ಊಟ ಹಾಕಿ, ಹೋಂವರ್ಕ್ ಮಾಡಿಸಿ ಮಲಗಿಸುತ್ತಿದ್ದ. ಓಣಿಯವರೆಲ್ಲ "ಎಂಥಾ ಜವಾಬ್ದಾರಿ ಹುಡುಗ" ಅನ್ನುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ನಾವೂ ಅವನಿಗೆ ಬಹುಮಾನ ಕೊಟ್ಟೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

4. ಮುಂದಿನ ಸಲಕ್ಕೆ ಮೊದಲೇ ತಯಾರಾಗಿ

"ಮುಂದಿನ ಸಲ ಆಗುವುದೇ ಇಲ್ಲ" ಅಂತ ಅವರು ಆಣೆ ಮಾಡಿರಬಹುದು. ಆದರೂ ತಯಾರಿ ಇರಲಿ. ಮನೆ ಶಾಂತವಾಗಿರುವ ದಿನ, ಮಗುವಿನ ಜೊತೆ ಒಬ್ಬರೇ ಇರುವಾಗ ಇದನ್ನು ಹೇಳಿಕೊಡಿ.

ಮೊದಲನೆಯದು: "ನೀನು ನಡುವೆ ಬರಬೇಡ. ಅಮ್ಮನನ್ನು ಬಿಡಿಸುವುದು ನಿನ್ನ ಕೆಲಸ ಅಲ್ಲ." ಇದನ್ನು ಹತ್ತು ಸಲ ಹೇಳಬೇಕಾಗುತ್ತದೆ. ಅಡ್ಡ ಬಂದ ಮಕ್ಕಳಿಗೇ ಪೆಟ್ಟು ಬೀಳುವುದು ಜಾಸ್ತಿ.

ಎರಡನೆಯದು: ಎಲ್ಲಿಗೆ ಹೋಗಬೇಕು. ಅಡುಗೆಮನೆ ಬೇಡ, ಅಲ್ಲಿ ಚಾಕು, ಬಿಸಿ ಎಣ್ಣೆ ಇರುತ್ತವೆ. ಬಚ್ಚಲೂ ಬೇಡ, ಒಂದೇ ಬಾಗಿಲು, ಸಿಕ್ಕಿಹಾಕಿಕೊಳ್ಳುತ್ತಾರೆ. ಹೊರಬಾಗಿಲಿಗೆ ಹತ್ತಿರದ ಜಾಗ, ಅಲ್ಲಿಂದ ನೇರ ಮುಂಚೆಯೇ ಹೇಳಿಟ್ಟ ಪಕ್ಕದ ಮನೆಗೆ. ಆ ಮನೆಯ ಆಂಟಿಗೆ ಮೊದಲೇ ಹೇಳಿರಿ: "ಮಗು ಬಂದು ಸಕ್ಕರೆ ಕೇಳಿದರೆ ಒಳಗೆ ಕರೆದು ಕೂರಿಸಿಕೊಳ್ಳಿ, ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ." ಸಕ್ಕರೆಯೋ ಮೆಂತ್ಯವೋ, ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಪದ ಸಾಕು.

ಮೂರನೆಯದು: ಆರು ವರ್ಷ ದಾಟಿದ ಮಗುವಿಗೆ 112 ಒತ್ತಲು ಬರಬೇಕು. ಹೆಸರು, ಹತ್ತಿರದ ಗುರುತು, "ಅಮ್ಮನಿಗೆ ಹೊಡೀತಿದಾರೆ", ಇಷ್ಟೇ ಹೇಳಲಿ. "ಮಾರಮ್ಮನ ಗುಡಿ ಹಿಂದಿನ ನೀಲಿ ಗೇಟು" ಅನ್ನುವಷ್ಟು ಗುರುತು. ಫೋನ್ ಹೊಡೆಯುವವರ ಕೈಗೆ ಸಿಗುವ ಹಾಗಿದ್ದರೆ, ಅಥವಾ ಕರೆ ಮಾಡುವುದನ್ನು ಅವರು ನೋಡುತ್ತಾರೆ ಅನ್ನಿಸಿದರೆ, ಆ ಮನೆಗೆ ಓಡಿಹೋಗುವುದೇ ಮೇಲು.

ನೀವು ಮಾಡಬೇಕಾದ್ದು ಒಂದು ಚೀಲ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಇವುಗಳ ಜೆರಾಕ್ಸ್. ಸ್ವಲ್ಪ ದುಡ್ಡು, ಒಂದು ಜೊತೆ ಬಟ್ಟೆ, ಮಗು ದಿನಾ ತಬ್ಬಿಕೊಂಡು ಮಲಗುವ ಹಳೇ ಹೊದಿಕೆಯ ಒಂದು ತುಂಡು. ಚೀಲ ನಿಮ್ಮ ಮನೆಯಲ್ಲಿ ಬೇಡ, ತವರಿನಲ್ಲೋ ಆ ಆಂಟಿಯ ಹತ್ತಿರವೋ ಇರಲಿ. ಮತ್ತೆ, ಸಿಟ್ಟಿನಲ್ಲಿ "ಬಿಟ್ಟು ಹೋಗ್ತೀನಿ" ಅಂತ ಮುಂಚೆ ಹೇಳಬೇಡಿ. ಬಿಟ್ಟು ಹೊರಡುವ ಹೊತ್ತೇ ಅಪಾಯ ಹೆಚ್ಚಿರುವ ಹೊತ್ತು.

5. ಮಾರನೇ ಬೆಳಿಗ್ಗೆ ಏನು ಹೇಳಬೇಕು

ನನ್ನ ಕೇಳಿದರೆ ಇಡೀ ಬರಹದಲ್ಲಿ ಇದೇ ಮುಖ್ಯ. ರಾತ್ರಿ ಆದದ್ದು ಆಗಿಹೋಗಿದೆ. ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಒಂದೇ ನಾಟಕ. ಒಡೆದ ಬಳೆ ಚೂರು ಗುಡಿಸಿ, ಉಪ್ಪಿಟ್ಟು ಮಾಡಿ, "ಬೇಗ ತಿನ್ನು, ವ್ಯಾನ್ ಬರುತ್ತೆ" ಅನ್ನುತ್ತೇವೆ. ಕೆನ್ನೆ ಊದಿದ್ದಕ್ಕೆ "ಬಾಗಿಲು ತಗುಲಿತು". ಮಗು ಒಮ್ಮೆ ಆ ಕೆನ್ನೆ ನೋಡುತ್ತದೆ, ಒಮ್ಮೆ ಬಾಗಿಲು ನೋಡುತ್ತದೆ, ತಟ್ಟೆಗೆ ತಲೆ ಬಗ್ಗಿಸುತ್ತದೆ. ತಾನು ಕಿವಿಯಾರೆ ಕೇಳಿದ್ದು ನಿಜವಲ್ಲ, ಇದನ್ನು ಮಾತಾಡಬಾರದು ಅಂತ ಅವತ್ತು ಕಲಿತುಕೊಳ್ಳುತ್ತದೆ. ಮುಂದೆ ಹೊರಗೆ ಯಾರಾದರೂ ಮೈ ಮುಟ್ಟಿದರೂ ಅದು ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಹತ್ತಿರ ಕೂರಿ. ಐದು ನಿಮಿಷ ಸಾಕು. ಹೀಗೆ ಹೇಳಬಹುದು:

"ನಿನ್ನೆ ರಾತ್ರಿ ನಿಂಗೆ ಕೇಳಿಸ್ತು ಅಲ್ವಾ? ಹೆದರಿಕೆ ಆಗಿರುತ್ತೆ. ನಂಗೂ ಆಯ್ತು."

"ಅಪ್ಪ ಹೊಡೆದಿದ್ದು ತಪ್ಪು. ಯಾರೂ ಯಾರಿಗೂ ಹೊಡೀಬಾರದು."

"ಇದು ನಿನ್ನಿಂದ ಆಗಿದ್ದಲ್ಲ. ನೀನು ಏನು ಮಾಡಿದ್ರೂ, ಮಾಡದೇ ಇದ್ರೂ, ಇದು ದೊಡ್ಡೋರ ತಪ್ಪು."

"ನಿಂಗೆ ಅಪ್ಪನ ಮೇಲೆ ಸಿಟ್ಟು ಬರಬಹುದು, ಪ್ರೀತಿನೂ ಇರಬಹುದು. ಎರಡೂ ಇದ್ರೆ ಪರವಾಗಿಲ್ಲ."

ಕೊನೆಯ ಮಾತು ಹೇಳಲು ತಾಯಿಗೆ ಬಹಳ ಕಷ್ಟ. ಆದರೂ ಹೇಳಿ. ಅದೇ ಅಪ್ಪ ಭಾನುವಾರ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೂ ಹೋಗಿರುತ್ತಾರೆ. ಅವರನ್ನು ಪ್ರೀತಿಸಿದರೆ ಅಮ್ಮನಿಗೆ ದ್ರೋಹ ಅನ್ನುವ ಲೆಕ್ಕ ಮಗುವಿನ ಒಳಗೇ ನಡೆಯುತ್ತಿರುತ್ತದೆ.

ಹೇಳಬಾರದ ಮಾತುಗಳೂ ಇವೆ. "ನಿನಗೋಸ್ಕರವೇ ಇದನ್ನೆಲ್ಲ ಸಹಿಸ್ಕೊಂಡಿದೀನಿ" ಅಂದರೆ ಆ ಪೆಟ್ಟಿನ ಸಾಲವನ್ನು ಮಗುವಿನ ಹೆಸರಿಗೆ ಬರೆದ ಹಾಗೆ. "ಇನ್ಮೇಲೆ ಯಾವತ್ತೂ ಆಗಲ್ಲ" ಅನ್ನಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. "ಆದರೆ ಏನು ಮಾಡ್ಬೇಕು ಅಂತ ನಮಗೆ ಗೊತ್ತಿದೆ" ಅನ್ನಿ. ಮಗು ಏನೂ ಮಾತಾಡದೆ ಎದ್ದುಹೋದರೆ ಬಿಡಿ. ಎರಡು ದಿನ ಬಿಟ್ಟು, ಜಡೆ ಹಾಕುವಾಗಲೋ ಬಸ್ಸಿನಲ್ಲೋ, ಮುಖ ನೋಡದ ಹೊತ್ತಿನಲ್ಲಿ ತಾನಾಗಿ ಕೇಳುತ್ತದೆ. ಆಗ ಕೇಳಿದಷ್ಟಕ್ಕೆ ಉತ್ತರ ಕೊಡಿ.

ಆಮೇಲೆ ದಿನಚರಿ. ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ಮಲಗುವುದು, ಮಲಗುವಾಗ ಒಂದು ಕತೆ. ಮುಂದೆ ಏನಾಗುತ್ತದೋ ಅನ್ನುವ ಆತಂಕದಲ್ಲಿರುವ ಮಗುವಿಗೆ ಎಂಟು ಗಂಟೆಗೆ ಮುದ್ದೆ ಸಾರು ಗ್ಯಾರಂಟಿ ಅನ್ನುವುದೂ ಔಷಧವೇ.

6. ಮಗುವನ್ನು ನಡುವೆ ನಿಲ್ಲಿಸಬೇಡಿ

"ಹೋಗಿ ನಿಮ್ಮಪ್ಪನಿಗೆ ಹೇಳು", "ನೀನೇ ಹೇಳು, ತಪ್ಪು ಯಾರದ್ದು?", "ಫೋನ್ ಯಾರಿಗೆ ಮಾಡ್ತಿದ್ದಾಳೆ ನೋಡ್ಕೊಂಡು ಬಾ." ಇವು ಮೂರೂ ಬೇಡ. ನಿಮ್ಮ ಕಣ್ಣೀರು ಹೇಳಿಕೊಳ್ಳಲು ಅಕ್ಕನೋ ಗೆಳತಿಯೋ ಬೇಕು. ಹತ್ತು ವರ್ಷದ ಮಗಳು ಆ ಕೆಲಸಕ್ಕೆ ಅಲ್ಲ.

7. ಶಾಲೆಯಲ್ಲಿ ಒಬ್ಬರಿಗೆ ಹೇಳಿ

ಎಲ್ಲ ಹೇಳಬೇಕಿಲ್ಲ. "ಮನೆಯಲ್ಲಿ ತೊಂದರೆ ಇದೆ, ಮಗು ರಾತ್ರಿ ನಿದ್ದೆ ಮಾಡಿರಲ್ಲ, ಸ್ವಲ್ಪ ನೋಡ್ಕೊಳ್ಳಿ ಮಿಸ್" ಅಂದರೆ ಸಾಕು. ಯಾರು ಮಗುವನ್ನು ಕರೆದುಕೊಂಡು ಹೋಗಬಹುದು ಅಂತ ಹೆಸರು ಬರೆದುಕೊಡಿ. ಟೀಚರ್‌ಗಳಿಗೆ ನನ್ನ ಮಾತು: ತೂಕಡಿಸುವ ಮಗುವನ್ನು ಎಬ್ಬಿಸಿ ನಿಲ್ಲಿಸುವ ಮೊದಲು ಬೆಳಿಗ್ಗೆ ತಿಂಡಿ ಆಯ್ತಾ ಅಂತ ಕೇಳಿ. ಸುಮ್ನೆ ಕೋಲು ಬಡಿಯಬೇಡಿ, ಮೇಜಿನ ಮೇಲೂ ಬೇಡ. ಆ ಸದ್ದಿಗೆ ಕ್ಲಾಸಿನಲ್ಲಿ ಯಾರು ಬೆಚ್ಚುತ್ತಾರೆ ಅಂತ ನಾನು ನೋಡಿದ್ದೇನೆ. ಮಗುವೇ ಬಂದು ಹೇಳಿದರೆ "ಹೇಳಿದ್ದು ಒಳ್ಳೆಯದಾಯ್ತು" ಅನ್ನಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಯಾಕೆಂದರೆ 1098 ಮಕ್ಕಳ ಸಹಾಯವಾಣಿಗೆ ಹೇಳಲೇಬೇಕಾದ ಪರಿಸ್ಥಿತಿ ಬರಬಹುದು. ತಂದೆಯನ್ನು ಕರೆಸಿ ಬುದ್ಧಿ ಹೇಳಲು ಹೋಗಬೇಡಿ. ಅದರ ಬೆಲೆ ಆ ರಾತ್ರಿ ತಾಯಿ, ಮಗು ತೆರುತ್ತಾರೆ.

8. ಡಾಕ್ಟರ್ ಹತ್ತಿರ ಯಾವಾಗ

ಹಿಂಸೆ ನಿಂತು ತಿಂಗಳಾದರೂ ಕೆಟ್ಟ ಕನಸು, ಒದ್ದೆ, ಬೆಚ್ಚುವುದು ಕಡಿಮೆಯಾಗದಿದ್ದರೆ ಹೋಗಿ. ಮಗು ಸಾಯುವ ಮಾತಾಡಿದರೆ, ಮೈ ಕೊಯ್ದುಕೊಂಡರೆ, ಊಟ ಬಿಟ್ಟರೆ ಅವತ್ತೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ.

ಮಕ್ಕಳಿಗೆ ಹೋದ ತಕ್ಷಣ ಮಾತ್ರೆ ಕೊಡುತ್ತಾರೆ ಅಂತ ಹೆದರಬೇಡಿ. ಸಣ್ಣ ಮಕ್ಕಳ ಜೊತೆ ಆಟ, ಚಿತ್ರದ ಮೂಲಕವೇ ಮಾತಾಡುತ್ತಾರೆ, ತಾಯಿಯನ್ನೂ ಜೊತೆಗೆ ಕೂರಿಸಿಕೊಳ್ಳುತ್ತಾರೆ. ದೊಡ್ಡ ಮಕ್ಕಳಿಗೆ ಹೆದರಿಕೆಯ ನೆನಪನ್ನು ಸ್ವಲ್ಪ ಸ್ವಲ್ಪವೇ ಹೇಳಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ಇದೆ. ನಿಮ್ಮ ನಿದ್ದೆ, ನಿಮ್ಮ ಅಳು ಕೂಡ ಅಲ್ಲಿ ಹೇಳಿ. ತಾಯಿಯ ಮನಸ್ಸು ಸುಧಾರಿಸಿದರೆ ಮಗುವಿನ ಅರ್ಧ ಚಿಕಿತ್ಸೆ ಆದ ಹಾಗೆ.

9. ಕಾನೂನಿನ ಬಾಗಿಲು

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರದ್ದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. "ಗಂಡನನ್ನು ಜೈಲಿಗೆ ಹಾಕಿಸುವುದು ಬೇಡ" ಅನ್ನುವವರೇ ಜಾಸ್ತಿ. ಈ ಕಾಯ್ದೆಯಲ್ಲಿ ಮೊದಲು ಸಿಗುವುದು ಜೈಲಲ್ಲ, ರಕ್ಷಣೆಯ ಆದೇಶ. ಹೊಡೆಯಬಾರದು, ಹತ್ತಿರ ಬರಬಾರದು ಅಂತ ಮ್ಯಾಜಿಸ್ಟ್ರೇಟ್ ಹೇಳಬಹುದು. ಆ ಆದೇಶ ಮುರಿದರೆ ಮಾತ್ರ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ಇರುವ ಹಕ್ಕು ನಿಮಗಿದೆ. ಮಗು ಸದ್ಯಕ್ಕೆ ನಿಮ್ಮ ಜೊತೆಗೇ ಇರಲಿ ಅಂತ 21ನೇ ಕಲಮಿನಲ್ಲಿ ಕೇಳಬಹುದು. ಅಪ್ಪನ ಭೇಟಿಯಿಂದ ಮಗುವಿಗೆ ಹಾನಿ ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ಭೇಟಿಯನ್ನೇ ತಡೆಯಬಹುದು. ಅರ್ಜಿಯಲ್ಲಿ ಮಗುವಿನ ನಿದ್ದೆ, ಒದ್ದೆ, ಶಾಲೆಯ ವಿಷಯ ಎಲ್ಲ ಬರೆಸಿ. ಬಹಳ ಅರ್ಜಿಗಳಲ್ಲಿ ಮಗುವಿಗೆ ಏನಾಗಿದೆ ಅನ್ನುವುದೇ ಇರುವುದಿಲ್ಲ.

ಹೋಗುವುದೆಲ್ಲಿಗೆ? ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿ ಟೀಚರ್ ಬಾಯಲ್ಲಿ ಬರುವ ಸಿಡಿಪಿಓ, ಅವರೇ ನಮ್ಮಲ್ಲಿ ಈ ಕಾಯ್ದೆಯಡಿ ನೆರವಾಗುವ ಸಂರಕ್ಷಣಾಧಿಕಾರಿ. ದಾರಿ ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲೇ ಕೇಳಿ. ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವು ಕೊಡುವ ಸಾಂತ್ವನ ಕೇಂದ್ರ, ಸಖಿ ಕೇಂದ್ರಗಳಿವೆ. ಮಹಿಳಾ ಸಹಾಯವಾಣಿ 181. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಅದಕ್ಕೆ 15100. ಪೆಟ್ಟಾಗಿ ಆಸ್ಪತ್ರೆಗೆ ಹೋದಾಗ "ಬಿದ್ದೆ" ಅನ್ನಬೇಡಿ, ಇದ್ದದ್ದನ್ನು ಬರೆಸಿ. ನೆರೆಯವರಿಗೂ ಒಂದು ಮಾತು: ಒಳ್ಳೆಯ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ ಅಂತ ಕಾಯ್ದೆಯ 4ನೇ ಕಲಮೇ ಹೇಳುತ್ತದೆ.

"ಮಕ್ಕಳಿಗೋಸ್ಕರ ಹೊಂದಿಕೊಂಡು ಹೋಗು" ಅನ್ನುವವರು ಇದ್ದೇ ಇರುತ್ತಾರೆ. ಹೊರಡಬೇಕೋ ಇರಬೇಕೋ ಅನ್ನುವುದು ನಿಮ್ಮ ತೀರ್ಮಾನ, ನಾನು ಹೇಳಲಾರೆ. ಆದರೆ ಮಕ್ಕಳ ಹೆಸರು ಹೇಳಿ ನಿಮ್ಮನ್ನು ಕಟ್ಟಿಹಾಕುವವರಿಗೆ ಮೊಪೆಡ್ ಸ್ಟ್ಯಾಂಡಿನ ಕತೆ ಹೇಳಿ.

10. ಹೊಡೆದವರು ಇದನ್ನು ಓದುತ್ತಿದ್ದರೆ

ಹೆಂಡತಿಗೆ ಸೀರೆ, ಮಗುವಿಗೆ ಚಾಕಲೇಟ್ ತಂದರೆ ಮುಗಿಯುವುದಿಲ್ಲ. ಮಗುವಿನ ಎತ್ತರಕ್ಕೆ ಕೂತು "ನಾನು ಅಮ್ಮನಿಗೆ ಹೊಡೆದದ್ದು ತಪ್ಪು. ನಿಂದೂ ಅಲ್ಲ, ಅಮ್ಮಂದೂ ಅಲ್ಲ" ಅನ್ನಿ. "ಆದ್ರೆ ಅವಳು..." ಅಂತ ಮುಂದುವರಿಸಿದರೆ ಹೇಳದೇ ಇರುವುದೇ ವಾಸಿ. ಕುಡಿತಕ್ಕೆ ಚಿಕಿತ್ಸೆ ತಗೊಳ್ಳಿ, 14416 ನಿಮಗೂ ಇದೆ. ಆದರೆ ಕುಡಿಯದ ದಿನವೂ ಕೈ ಎತ್ತುತ್ತಿದ್ದರೆ ಕುಡಿತದ ಮೇಲೆ ಹಾಕಬೇಡಿ. ಮಗು ನಿಮ್ಮನ್ನು ನಂಬಲು ತಿಂಗಳುಗಳೇ ಬೇಕು. ಅವಸರ ಮಾಡಿ ಎತ್ತಿಕೊಳ್ಳಲು ಹೋಗಬೇಡಿ.

11. ಶಾಂತವಾದ ಮೇಲೆ

ಮನೆ ಶಾಂತವಾದ ಮೇಲೆ, ಅಥವಾ ಬೇರೆ ಮನೆಗೆ ಬಂದ ಮೇಲೆ, ಕೆಲವು ಮಕ್ಕಳು ಮೊದಲಿಗಿಂತ ಜಾಸ್ತಿ ಹಟ ಮಾಡುತ್ತಾರೆ, ನಿಮಗೇ ಹೊಡೆಯುತ್ತಾರೆ. ತಾಯಂದಿರು ಕುಸಿದುಹೋಗುವುದು ಇಲ್ಲೇ. ಇಷ್ಟು ದಿನ ಉಸಿರು ಬಿಗಿಹಿಡಿದು ಕೂತಿದ್ದ ಮಗುವಿಗೆ ಈಗ ಸಿಟ್ಟು ಮಾಡಲು ಧೈರ್ಯ ಬಂದಿದೆ ಅಷ್ಟೇ. "ಸಿಟ್ಟು ಬರಲಿ, ಹೊಡೆಯೋ ಹಾಗಿಲ್ಲ" ಅಂತ ಕೈ ಹಿಡಿದು ಹೇಳಿ. ನೀವು ಮಾತ್ರ ತಿರುಗಿ ಹೊಡೆಯಬೇಡಿ.

ಕೋರ್ಟಿನ ತಾರೀಕು ಹತ್ತಿರ ಬಂದಾಗ, ಅಪ್ಪನ ಭೇಟಿಯ ಹಿಂದಿನ ದಿನ, ಎಲ್ಲೋ ಪಟಾಕಿ ಸಿಡಿದಾಗ ಹಳೆಯದೆಲ್ಲ ಮತ್ತೆ ಬರಬಹುದು. ಹಾಸಿಗೆಯ ಕೆಳಗೆ ಒಂದು ಪ್ಲಾಸ್ಟಿಕ್ ಶೀಟ್ ಹಾಕಿಡಿ, ಒಣಗಿದ ಚಡ್ಡಿ ಕೈಗೆ ಸಿಗುವ ಹಾಗಿರಲಿ. ನಡುರಾತ್ರಿ ಒದ್ದೆಯಾದರೆ ದೊಡ್ಡ ಲೈಟ್ ಹಾಕದೆ, ಮಾತಾಡದೆ ಬದಲಾಯಿಸಿ, ಬೆನ್ನು ತಟ್ಟಿ ಮಲಗಿಸಿ.